ನಾಯಿ, ಬೆಕ್ಕಿಗೆ ಚಿಗಟ–ಉಣ್ಣೆಯ ಕಾಲರ್: ಆರಿಸುವುದು, ಹಾಕುವುದು, ಆಮೇಲೆ ನೋಡಿಕೊಳ್ಳುವುದು

ಕಾಲರ್ ತಂದು ಕೊರಳಿಗೆ ಸುತ್ತಿ, ಹದಿನೈದು ದಿನ ಬಿಟ್ಟು "ಉಣ್ಣೆ ಹಾಗೇ ಇದೆ, ದುಡ್ಡು ದಂಡ" ಎಂದು ಕಿತ್ತು ಬಿಸಾಡುವವರು ತುಂಬಾ ಜನ ಇದ್ದಾರೆ. ಆದರೆ ವಿಚಾರಿಸಿ ನೋಡಿದರೆ ಕಾಲರ್ ಸಡಿಲವಾಗಿ ನೇತಾಡುತ್ತಿರುತ್ತದೆ, ಅಥವಾ ವಾರವಾರ ಶಾಂಪೂ ಹಾಕಿ ತೊಳೆಯುತ್ತಿರುತ್ತಾರೆ, ಅಥವಾ ನಾಯಿ ಮಲಗುವ ಗೋಣಿಚೀಲವನ್ನು ಯಾರೂ ಆರು ತಿಂಗಳಿಂದ ಮುಟ್ಟಿರುವುದಿಲ್ಲ. ಒಳ್ಳೆಯ ಕಾಲರ್ ನಿಜವಾಗಿಯೂ ಕೆಲಸ ಮಾಡುತ್ತದೆ. ಸರಿಯಾದ ಪ್ರಾಣಿಗೆ ಸರಿಯಾದ ಕಾಲರ್ ಹಾಕಬೇಕು, ಮೈಗೆ ತಾಗುವ ಹಾಗೆ ಹಾಕಬೇಕು, ಜೊತೆಗೆ ಮನೆಯನ್ನೂ ನೋಡಿಕೊಳ್ಳಬೇಕು, ಅಷ್ಟೇ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕಾಲರ್‌ನ ಪ್ಲಾಸ್ಟಿಕ್ಕಿನೊಳಗೆ ಔಷಧ ಸೇರಿಕೊಂಡಿರುತ್ತದೆ. ಅದು ದಿನಾ ಸ್ವಲ್ಪ ಸ್ವಲ್ಪವೇ ಹೊರಗೆ ಬಂದು, ಚರ್ಮ ಮತ್ತು ಕೂದಲಿನ ಮೇಲಿರುವ ಎಣ್ಣೆ ಜಿಡ್ಡಿನ ಪದರದಲ್ಲಿ ಹರಡುತ್ತಾ ಬಾಲದವರೆಗೂ ಹೋಗುತ್ತದೆ. ಹೊಗೆ, ವಾಸನೆ ಏನೂ ಅಲ್ಲ. ಅಂದರೆ ಕಾಲರ್ ಚರ್ಮಕ್ಕೆ ತಾಗದಿದ್ದರೆ ಔಷಧ ಹರಡುವುದೇ ಇಲ್ಲ. ಶಾಂಪೂ ಹಾಕಿ ಆ ಜಿಡ್ಡನ್ನು ಉಜ್ಜಿ ತೆಗೆದರೆ ಅದರ ಜೊತೆಗೆ ಔಷಧವೂ ಹೋಗುತ್ತದೆ.

ಚಿಗಟವೋ ಉಣ್ಣೆಯೋ, ಮೊದಲು ನೋಡಿ

ಎರಡೂ ಬೇರೆ ಬೇರೆ ಕಾಟ. ಎಲ್ಲ ಕಾಲರ್‌ಗಳೂ ಎರಡಕ್ಕೂ ಒಂದೇ ಥರ ಕೆಲಸ ಮಾಡುವುದಿಲ್ಲ.

ಚಿಗಟ ಕಣ್ಣಿಗೆ ಬೀಳುವುದು ಕಷ್ಟ, ಕೂದಲಲ್ಲಿ ಓಡಿಬಿಡುತ್ತದೆ. ಅದರ ಹಿಕ್ಕೆ ಹುಡುಕಿ. ಬಾಲದ ಬುಡದ ಹತ್ತಿರ, ಸೊಂಟದ ಮೇಲೆ, ಹೊಟ್ಟೆಯ ಕೆಳಗೆ ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆ ಆಡಿಸಿ. ಕರಿ ಮೆಣಸಿನ ಪುಡಿಯಂಥ ಚುಕ್ಕಿ ಬಂದರೆ ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದ ಮೇಲೆ ಉದುರಿಸಿ, ಒಂದು ನಿಮಿಷ ಬಿಡಿ. ಸುತ್ತ ಕೆಂಪು–ಕಂದು ಬಣ್ಣ ಹರಡಿದರೆ ಅದು ಜೀರ್ಣವಾದ ರಕ್ತ, ಚಿಗಟ ಇದೆ ಅಂತಲೇ ಅರ್ಥ. ಬರೀ ಮಣ್ಣಾಗಿದ್ದರೆ ಕೆಂಪಾಗುವುದಿಲ್ಲ. ನಾಯಿಗೂ ಬೆಕ್ಕಿಗೂ ಹೆಚ್ಚಾಗಿ ಹತ್ತುವುದು ಒಂದೇ ಜಾತಿಯ ಚಿಗಟ. ಹಾಗಾಗಿ ಮನೆಯಲ್ಲಿ ಎರಡೂ ಇದ್ದರೆ ಒಂದಕ್ಕೆ ಮಾತ್ರ ಔಷಧ ಮಾಡಿ ಪ್ರಯೋಜನ ಇಲ್ಲ.

ಉಣ್ಣೆಯನ್ನು, ಮಲೆನಾಡಿನ ಕಡೆಯವರು ಉಣುಗು ಅನ್ನುವುದನ್ನು, ಹುಡುಕಬೇಕಾದ ಜಾಗಗಳೇ ಬೇರೆ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕಂಕುಳು, ಕಣ್ಣಿನ ಸುತ್ತ, ಬಾಲದ ಕೆಳಗೆ. ಕಣ್ಣಿನಲ್ಲಿ ನೋಡುವುದಕ್ಕಿಂತ ಬೆರಳ ತುದಿಯಲ್ಲಿ ಸವರುತ್ತಾ ಹೋಗಿ, ಗಂಟು ಕೈಗೆ ಸಿಗುತ್ತದೆ. ನಮ್ಮ ಊರುಗಳಲ್ಲಿ ನಾಯಿಗೆ ಜಾಸ್ತಿ ಹತ್ತುವುದು ಕಂದು ಬಣ್ಣದ ನಾಯಿ ಉಣ್ಣೆ. ಕಾಡಿಗೆ, ಹುಲ್ಲಿಗೆ ಹೋಗದ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ನಾಯಿಗೂ ಇದು ಬರುತ್ತದೆ, ಯಾಕೆಂದರೆ ಇದು ಗೋಡೆಯ ಬಿರುಕಿನಲ್ಲೇ ಸಂಸಾರ ಹೂಡುತ್ತದೆ.

ಯಾವ ಕಾಲರ್?

ಬ್ರ್ಯಾಂಡ್ ಹೆಸರು ನೋಡುವ ಮೊದಲು ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರ ಓದಿ. ಯಾವ ಔಷಧ, ಎಷ್ಟು ಶೇಕಡಾ, ನಾಯಿಗೋ ಬೆಕ್ಕಿಗೋ, ಎಷ್ಟು ವಾರದ ಮರಿಯಿಂದ ಹಾಕಬಹುದು, ಎಷ್ಟು ತೂಕಕ್ಕೆ. ಇಷ್ಟು ಬರೆದಿಲ್ಲದ ಕಾಲರ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.

ಸೆರೆಸ್ಟೊ ಕಾಲರ್‌ನಲ್ಲಿ ಇಮಿಡಾಕ್ಲೋಪ್ರಿಡ್ 10% ಮತ್ತು ಫ್ಲುಮೆಥ್ರಿನ್ 4.5% ಇರುತ್ತದೆ. ಮೊದಲನೆಯದು ಚಿಗಟಕ್ಕೆ, ಎರಡನೆಯದು ಉಣ್ಣೆಗೆ. ಚಿಗಟ ಕಚ್ಚಬೇಕಾಗಿಲ್ಲ, ಮೈಗೆ ತಾಗಿದರೆ ಸಾಕು ಸಾಯುತ್ತದೆ. 8 ತಿಂಗಳವರೆಗೆ ಕೆಲಸ ಮಾಡುತ್ತದೆ. ನಾಯಿಮರಿಗೆ 7 ವಾರ, ಬೆಕ್ಕಿನ ಮರಿಗೆ 10 ವಾರ ತುಂಬಿರಬೇಕು. ನಾಯಿಯದು 8 ಕೆಜಿ ಒಳಗೆ, 8 ಕೆಜಿ ಮೇಲೆ ಎಂದು ಎರಡು ಅಳತೆ. ಅಮೆರಿಕ, ಯೂರೋಪಿನಲ್ಲಿ ಇದು ತುಂಬಾ ಬಳಕೆಯಲ್ಲಿದೆ. ಇದರ ಬಗ್ಗೆ ಅಲ್ಲಿ ಬಂದ ದೂರುಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿ, 2023ರಲ್ಲಿ ಹೆಚ್ಚಿನ ಷರತ್ತು ಹಾಕಿ ಮಾರಾಟ ಮುಂದುವರಿಸಲು ಬಿಟ್ಟಿತು. ನಕಲಿ ಸೆರೆಸ್ಟೊ ಕೂಡ ಅಲ್ಲಿ ಸಿಕ್ಕಿಬಿದ್ದಿದೆ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವುದನ್ನು ಬಿಟ್ಟುಬಿಡಿ, ವೆಟ್ ಹತ್ತಿರವೋ ನಂಬಿಕೆಯ ಅಂಗಡಿಯಲ್ಲೋ ತೆಗೆದುಕೊಳ್ಳಿ.

ಸ್ಕ್ಯಾಲಿಬೋರ್‌ನಲ್ಲಿರುವುದು ಡೆಲ್ಟಾಮೆಥ್ರಿನ್ 4%. ಇದು ನಾಯಿಗೆ ಮಾತ್ರ. ಉಣ್ಣೆಗೆ ಚೆನ್ನಾಗಿದೆ, ಆದರೆ ಪೂರ್ತಿ ಪರಿಣಾಮ ಬರಲು ಒಂದು ವಾರ ಬೇಕು. ನಮ್ಮಲ್ಲಿ ವರ್ಷಗಳಿಂದ ಸಿಗುತ್ತಿರುವ ಕಿಲ್ಟಿಕ್ಸ್‌ನಲ್ಲಿ ಪ್ರೊಪೊಕ್ಸರ್ 10% ಮತ್ತು ಫ್ಲುಮೆಥ್ರಿನ್ 2.25% ಇದೆ. ಇದೂ ನಾಯಿಯ ಕಾಲರ್. ಪ್ರೊಪೊಕ್ಸರ್ ಬಗ್ಗೆ ಒಂದು ವಿಷಯ ಗೊತ್ತಿರಲಿ: ಅದನ್ನು ಬಳಸಿದ ಪೆಟ್ ಕಾಲರ್‌ಗಳನ್ನು ಮಕ್ಕಳಿಗೆ ಅಪಾಯ ಎಂಬ ಕಾರಣಕ್ಕೆ ನಿಲ್ಲಿಸಲು ಅಮೆರಿಕದಲ್ಲಿ 2014ರಲ್ಲಿ ತಯಾರಕರೇ ಒಪ್ಪಿಕೊಂಡರು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದು, ಅದು ನಾಯಿಯ ಕೊರಳು ತಬ್ಬಿಕೊಂಡು ಮಲಗುವಂತಿದ್ದರೆ, ನನ್ನ ಕೇಳಿದರೆ ಪ್ರೊಪೊಕ್ಸರ್ ಇರುವ ಕಾಲರ್ ಬೇಡ. ಅಂಥ ಮನೆಗೆ ವೆಟ್ ಬರೆದುಕೊಡುವ ಮಾತ್ರೆಯೇ ವಾಸಿ.

ಬೇವು, ನಿಂಬೆಹುಲ್ಲು, ಸಿಟ್ರೊನೆಲ್ಲಾ ಎಂದು ಬರೆದ "ಹರ್ಬಲ್" ಕಾಲರ್‌ಗಳನ್ನು ಉಣ್ಣೆ ಜ್ವರ ಇರುವ ಊರಿನಲ್ಲಿ ನಂಬಿಕೊಂಡು ಕೂರಬೇಡಿ. ಕುಯ್‌ಗುಡುವ ಅಲ್ಟ್ರಾಸೌಂಡ್ ಬಿಲ್ಲೆಯೂ ಅಷ್ಟೇ.

ಬೆಕ್ಕು ಇರುವವರು ಇದನ್ನು ಎರಡು ಸಲ ಓದಿ

ನಾಯಿಯ ಕಾಲರ್ ಅನ್ನು ಅರ್ಧ ಕತ್ತರಿಸಿ ಬೆಕ್ಕಿಗೆ ಹಾಕಬೇಡಿ. "ಚಿಕ್ಕದು ತಾನೇ, ಕಮ್ಮಿ ಔಷಧ ಸಾಕು" ಅನ್ನುವ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ. ಪರ್ಮೆಥ್ರಿನ್‌ನಂಥ ಔಷಧಗಳನ್ನು ನಾಯಿಯ ಪಿತ್ತಜನಕಾಂಗ ಒಡೆದು ಹೊರಹಾಕುತ್ತದೆ. ಬೆಕ್ಕಿಗೆ ಆ ಕೆಲಸ ಮಾಡುವ ಕಿಣ್ವ ತೀರಾ ಕಮ್ಮಿ. ವಿಷ ಮೈಯಲ್ಲೇ ಉಳಿದು ನರಗಳಿಗೆ ಹತ್ತುತ್ತದೆ. ಮೊದಲು ಕಿವಿ ಅದುರುತ್ತದೆ, ಚರ್ಮ ಪಟಪಟ ಎನ್ನುತ್ತದೆ, ಆಮೇಲೆ ನಡುಕ, ಫಿಟ್ಸ್. ಎಷ್ಟೋ ಬೆಕ್ಕುಗಳು ಹೀಗೆ ಸತ್ತಿವೆ, ಅದೂ ಪ್ರೀತಿಯಿಂದ ಔಷಧ ಹಾಕಿದ ಮನೆಗಳಲ್ಲೇ. ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್ ಈ ನಾಲ್ಕು ಹೆಸರು ಬೆಕ್ಕಿನ ಹತ್ತಿರ ಸುಳಿಯಬಾರದು. ಫ್ಲುಮೆಥ್ರಿನ್ ಕೂಡ ಇವುಗಳಲ್ಲಿ ಮೊದಲ ಮೂರರ ಕುಟುಂಬದ್ದೇ ಆದರೂ, ಬೆಕ್ಕಿಗೆಂದೇ ಮಾಡಿದ ಕಾಲರ್‌ನಲ್ಲಿ ಅದು ತೀರಾ ನಿಧಾನವಾಗಿ, ಅಳತೆಯಲ್ಲಿ ಹೊರಬರುತ್ತದೆ, ಅದಕ್ಕೇ ಬೆಕ್ಕಿನ ಡಬ್ಬಿಯಲ್ಲಿರುವುದನ್ನೇ ಹಾಕಬೇಕು.

ಹಳ್ಳಿ ಕಡೆ ಇನ್ನೊಂದು ಅಭ್ಯಾಸ ಇದೆ. ಹಸುವಿನ ಉಣ್ಣೆಗೆ ಎಂದು ತಂದ ಬ್ಯುಟಾಕ್ಸ್‌ನಂಥ ಔಷಧವನ್ನು ನೀರಿಗೆ ಬೆರೆಸಿ ನಾಯಿಗೂ ಬೆಕ್ಕಿಗೂ ಹೊಯ್ಯುವುದು. ಅದು ದನಕ್ಕೆ ಮಾಡಿದ ಡೆಲ್ಟಾಮೆಥ್ರಿನ್. ಬೆಕ್ಕಿಗೆ ನೇರ ವಿಷ, ನಾಯಿಗೂ ಅಳತೆ ತಪ್ಪಿದರೆ ಕಷ್ಟ. ಸೀಮೆಎಣ್ಣೆ ಸವರುವುದು, ತಂಬಾಕಿನ ನೀರು, ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕುವುದು, ಇವೆಲ್ಲವೂ ಬೇಡ. ಪ್ರಾಣಿ ಮೈ ನೆಕ್ಕಿಕೊಳ್ಳುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ನಾಯಿಗೆ ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್ ಕಾಲರ್ ಹಾಕಿದ್ದು, ಬೆಕ್ಕು ಅದೇ ನಾಯಿಯ ಕೊರಳಿಗೆ ಒರಗಿ ಮಲಗುವುದಾದರೆ, ಅದರ ಮುಖ ನೆಕ್ಕುವುದಾದರೆ, ಆ ಕಾಲರ್ ಆ ಮನೆಗೆ ಸರಿಯಲ್ಲ. ಬೆಕ್ಕಿನ ಕಾಲರ್‌ನಲ್ಲಿ ಇನ್ನೊಂದು ನೋಡಿ: ಮರದ ಕೊಂಬೆಗೋ ಕಿಟಕಿಯ ಸರಳಿಗೋ ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವ ಅಥವಾ ಹಿಗ್ಗುವ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಕೊರಳಿಗೆ ಉರುಲು.

ಹಾಕುವ ಬಗೆ

ಕಾಲರ್ ಹಾಕುವ ಎರಡು ದಿನ ಮೊದಲು ಸ್ನಾನ ಮಾಡಿಸಿ, ಪೂರ್ತಿ ಒಣಗಲು ಬಿಡಿ. ಕಣ್ಣಿಗೆ ಕಾಣುವ ಉಣ್ಣೆಗಳನ್ನು ಕೈಯಾರೆ ತೆಗೆಯಿರಿ. ಕಾಲರ್ ಹಾಕಿದ ಕೂಡಲೇ ಮೊದಲೇ ಕಚ್ಚಿಕೊಂಡಿರುವುದೆಲ್ಲ ಉದುರಿಹೋಗುತ್ತದೆ ಎಂದು ಕಾಯುವುದು ಬೇಡ. ತುದಿ ಸಪೂರ ಇರುವ ಚಿಮಟದಲ್ಲಿ ಉಣ್ಣೆಯನ್ನು ಚರ್ಮಕ್ಕೆ ಆದಷ್ಟು ಹತ್ತಿರ, ಅಂದರೆ ತಲೆಯ ಹತ್ತಿರ ಹಿಡಿದು, ಥಟ್ಟನೆ ಜಗ್ಗದೆ, ತಿರುಚದೆ ನೇರವಾಗಿ ನಿಧಾನಕ್ಕೆ ಮೇಲಕ್ಕೆ ಎಳೆಯಬೇಕು. ಉಬ್ಬಿದ ಹೊಟ್ಟೆಯನ್ನು ಹಿಸುಕಬೇಡಿ, ಹಿಸುಕಿದರೆ ಅದರೊಳಗಿನ ರಸ ಗಾಯದೊಳಕ್ಕೆ ಹೋಗಬಹುದು. ಬೆಂಕಿಕಡ್ಡಿ, ಊದುಬತ್ತಿ ತಾಗಿಸುವುದೂ ಬೇಡ. ಕೈಗೆ ಗ್ಲೌಸ್ ಇರಲಿ. ತೆಗೆದ ಉಣ್ಣೆಯನ್ನು ಬೆರಳಿನಲ್ಲಿ ಚಿವುಟದೆ ಸ್ಪಿರಿಟ್ ಇರುವ ಚಿಕ್ಕ ಬಾಟಲಿಗೆ ಹಾಕಿ ಮುಚ್ಚಳ ಹಾಕಿ.

ಆಮೇಲೆ ಕಾಲರ್. ಹಾಕುವ ಹೊತ್ತಿಗೇ ಡಬ್ಬಿ ಒಡೆಯಿರಿ, ಮೊದಲೇ ತೆಗೆದಿಡಬೇಡಿ. ಒಳಭಾಗದಲ್ಲಿ ಪ್ಲಾಸ್ಟಿಕ್ ಎಳೆಗಳು ಅಂಟಿಕೊಂಡಿದ್ದರೆ ಕಿತ್ತುಹಾಕಿ. ಕೊರಳಿಗೆ ಸುತ್ತಿ ಬಕಲ್‌ನಲ್ಲಿ ತೂರಿಸಿ, ನಿಮ್ಮ ಎರಡು ಬೆರಳು ಕಾಲರ್ ಮತ್ತು ಕೊರಳಿನ ನಡುವೆ ಹಿತವಾಗಿ ಹೋಗುವಷ್ಟು ಬಿಗಿ ಮಾಡಿ. ಮೂರು ಬೆರಳು ಹೋದರೆ ಸಡಿಲ, ಒಂದೇ ಬೆರಳು ಹೋದರೆ ಬಿಗಿ. ಗೋಲ್ಡನ್ ರಿಟ್ರೀವರ್, ಪೊಮೆರೇನಿಯನ್, ಪರ್ಷಿಯನ್ ಬೆಕ್ಕಿನಂಥ ದಟ್ಟ ಕೂದಲಿನವಕ್ಕೆ ಇಲ್ಲೇ ಎಡವಟ್ಟಾಗುವುದು: ಕಾಲರ್ ಕೂದಲ ಮೇಲೆ ಕೂತಿರುತ್ತದೆ, ಚರ್ಮ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಬೆರಳಿನಿಂದ ಕೂದಲನ್ನು ಸುತ್ತಲೂ ಬಿಡಿಸಿ, ಕಾಲರ್‌ನ ಒಳಮೈ ಚರ್ಮಕ್ಕೆ ಮುಟ್ಟುವ ಹಾಗೆ ಕೂರಿಸಿ. ಉಳಿದ ತುದಿಯನ್ನು ಸುಮಾರು 2 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಕತ್ತರಿಸಿದ ತುಂಡನ್ನು ಆಗಲೇ ಕಸಕ್ಕೆ ಹಾಕಿ. ನೆಲದ ಮೇಲೆ ಬಿಟ್ಟರೆ ಇನ್ನೊಂದು ನಾಯಿ ಅಗಿಯುತ್ತದೆ, ಮಗು ಬಾಯಿಗೆ ಹಾಕುತ್ತದೆ. ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಹಾಕಿದ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲೋ ಫೋನಿನಲ್ಲೋ ಬರೆದಿಡಿ, ಇಲ್ಲದಿದ್ದರೆ ಖಂಡಿತ ಮರೆತುಹೋಗುತ್ತದೆ.

ವಾಕಿಂಗ್ ಬೆಲ್ಟ್ ಬೇರೆಯೇ ಇರಲಿ. ಔಷಧದ ಕಾಲರ್‌ಗೆ ಚೈನ್ ಸಿಕ್ಕಿಸುವ ಹಾಗಿಲ್ಲ.

ಬೆಳೆಯುವ ಮರಿಗಳಿಗೆ ಹಾಕಿದರೆ ವಾರಕ್ಕೊಮ್ಮೆ ಎರಡು ಬೆರಳಿನ ಪರೀಕ್ಷೆ ಮಾಡಲೇಬೇಕು. ಬೀದಿ ನಾಯಿಗಳಿಗೆ ಅನ್ನ ಹಾಕುವವರು ಪ್ರೀತಿಯಿಂದ ಕಾಲರ್ ಹಾಕುತ್ತಾರೆ, ಅದು ಒಳ್ಳೆಯ ಕೆಲಸವೇ. ಆದರೆ ದಿನಾ ಕೈಗೆ ಸಿಗದ ಬೀದಿ ಮರಿಗೆ ಹಾಕಬೇಡಿ. ಮರಿ ದೊಡ್ಡದಾಗುತ್ತದೆ, ಕಾಲರ್ ಆಗುವುದಿಲ್ಲ. ಚರ್ಮದೊಳಗೆ ಹೂತುಹೋಗಿ ಹುಳ ಬಿದ್ದ ಕೊರಳುಗಳನ್ನು ನೋಡಲಾಗುವುದಿಲ್ಲ.

ಮೊದಲ ಕೆಲವು ದಿನ

ಸೆರೆಸ್ಟೊದಂಥ ಕಾಲರ್‌ನಲ್ಲಿ ಮೈಮೇಲಿನ ಚಿಗಟ 24 ಗಂಟೆಯೊಳಗೆ ಸಾಯಲು ಶುರುವಾಗುತ್ತದೆ, ಉಣ್ಣೆಗೆ 48 ಗಂಟೆ ಬೇಕು. ಬೇರೆಯವಕ್ಕೆ ವಾರ ಹಿಡಿಯಬಹುದು. ಅದರ ನಂತರವೂ ಆಗಾಗ ಮೈಮೇಲೆ ಉಣ್ಣೆ ಕಂಡರೆ ಗಾಬರಿ ಬೇಡ. ಒಣಗಿ ಮುರುಟಿದೆಯಾ, ಕಾಲು ಆಡಿಸುತ್ತಿದೆಯಾ ನೋಡಿ. ಸತ್ತ ಉಣ್ಣೆ ಕಚ್ಚಿಕೊಂಡ ಹಾಗೇ ಇರುವುದುಂಟು, ತೆಗೆದುಬಿಡಿ. ಎರಡು ವಾರವಾದ ಮೇಲೂ ರಕ್ತ ಕುಡಿದು ಉಬ್ಬಿದ, ಜೀವಂತ ಉಣ್ಣೆಗಳೇ ಸಿಗುತ್ತಿದ್ದರೆ ಆಗ ಯೋಚಿಸಬೇಕು. ಕಾಲರ್ ಸಡಿಲವೇ, ನಕಲಿಯೇ, ಅವಧಿ ಮುಗಿದಿದೆಯೇ.

ಕೊರಳ ಸುತ್ತ ಮೊದಲ ದಿನಗಳಲ್ಲಿ ಸ್ವಲ್ಪ ಕೆರೆದುಕೊಳ್ಳುವುದು ಸಹಜ. ಚರ್ಮ ಕೆಂಪಾಗಿ ಕೂದಲು ಉದುರಿ ನೀರು ಜಿನುಗಿದರೆ ಕಾಲರ್ ತೆಗೆಯಿರಿ. ಜೊಲ್ಲು ಸುರಿಸುವುದು, ವಾಂತಿ, ತೂರಾಡುವುದು, ನಡುಕ, ವಿಪರೀತ ಮಂಪರು, ಇವುಗಳಲ್ಲಿ ಯಾವುದು ಕಂಡರೂ ಕಾಲರ್ ಕತ್ತರಿಸಿ ತೆಗೆದು, ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಕೊರಳನ್ನು ತೊಳೆದು, ಡಬ್ಬಿಯನ್ನೂ ಜೊತೆಗೆ ಎತ್ತಿಕೊಂಡು ವೆಟ್ ಹತ್ತಿರ ಓಡಿ. ಡಬ್ಬಿ ಯಾಕೆಂದರೆ, ಪ್ರೊಪೊಕ್ಸರ್ ವಿಷಕ್ಕೆ ಕೊಡುವ ಮದ್ದು ಬೇರೆ, ಅಮಿಟ್ರಾಜ್‌ಗೆ ಕೊಡುವುದು ಬೇರೆ. ಫಿಟ್ಸ್ ಬರುತ್ತಿದ್ದರೆ ತೊಳೆಯುತ್ತಾ ಕೂರಬೇಡಿ, ಟವೆಲ್‌ನಲ್ಲಿ ಸುತ್ತಿ ನೇರ ಆಸ್ಪತ್ರೆಗೆ. ಕಾಲರ್ ಅನ್ನೇ ಅಗಿದು ನುಂಗಿದ್ದರೂ ಹಾಗೇ, ಲಕ್ಷಣ ಬರಲಿ ಎಂದು ಕಾಯಬೇಡಿ.

ಸ್ನಾನ ತಿಂಗಳಿಗೆ ಒಂದು ಸಲಕ್ಕಿಂತ ಜಾಸ್ತಿ ಬೇಡ. ಜಾಸ್ತಿ ಮಾಡಿಸಿದರೆ 8 ತಿಂಗಳು ಬರಬೇಕಾದದ್ದು ಚಿಗಟದ ಮಟ್ಟಿಗೆ 5 ತಿಂಗಳಿಗೇ ಮುಗಿಯಬಹುದು. ಮಳೆಯಲ್ಲಿ ನೆಂದರೆ ತೊಂದರೆ ಇಲ್ಲ. ಆದರೆ ಕೆರೆ, ಹೊಳೆ, ಮೀನಿನ ಹೊಂಡಕ್ಕೆ ನಾಯಿ ಇಳಿಯುವುದಾದರೆ ಕಾಲರ್ ಬಿಚ್ಚಿಡಿ. ಈ ಔಷಧಗಳು ಮೀನಿಗೂ ನೀರಿನ ಹುಳಗಳಿಗೂ ತುಂಬಾ ವಿಷ.

ಮನೆ ಬಿಟ್ಟು ಮೈಗೆ ಮಾತ್ರ ಔಷಧ ಹಾಕಿದರೆ

ನಾಯಿಯ ಮೈಮೇಲೆ ನೀವು ನೋಡುವ ಚಿಗಟ ಒಟ್ಟು ಚಿಗಟಗಳಲ್ಲಿ ಶೇಕಡಾ 5ರಷ್ಟು ಮಾತ್ರ. ಮಿಕ್ಕವು ಮೊಟ್ಟೆ, ಮರಿಹುಳ, ಗೂಡಾಗಿ ಚಾಪೆಯ ಕೆಳಗೆ, ಸೋಫಾ ಸಂದಿಯಲ್ಲಿ, ಕಾರಿನ ಸೀಟಿನಲ್ಲಿ ಇರುತ್ತವೆ. ಒಂದು ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡುತ್ತದೆ. ಅವು ಕೂದಲಿಗೆ ಅಂಟಿಕೊಳ್ಳುವುದಿಲ್ಲ, ನಾಯಿ ಓಡಾಡಿದಲ್ಲೆಲ್ಲ ಉದುರುತ್ತವೆ. ಗೂಡಿನೊಳಗಿರುವುದು ತಿಂಗಳುಗಟ್ಟಲೆ ಕಾಯುತ್ತದೆ, ನೆಲ ಅದುರಿದಾಗ, ಬಿಸಿ ಮೈ ಹತ್ತಿರ ಬಂದಾಗ ಹೊರಗೆ ಹಾರುತ್ತದೆ. ರಜೆಗೆ ಊರಿಗೆ ಹೋಗಿ ಬಂದು ಬೀಗ ತೆಗೆದ ಕೂಡಲೇ ಕಾಲಿಗೆ ಚಿಗಟ ಮುತ್ತುವುದು ಇದಕ್ಕೇ. ಹಾಗಾಗಿ ಕಾಲರ್ ಹಾಕಿದ ಮೇಲೂ ಎರಡು ಮೂರು ತಿಂಗಳು ಹೊಸ ಚಿಗಟ ಕಾಣಿಸಿಕೊಳ್ಳುತ್ತಿರುತ್ತದೆ. ಅಷ್ಟು ದಿನ ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಉರಿ ಬಿಸಿಲಿಗೆ ಹಾಕಿ. ವ್ಯಾಕ್ಯೂಮ್ ಇದ್ದರೆ ದಿನಾ ಮೂಲೆಗಳಿಗೆ ಹಿಡಿದು, ಚೀಲವನ್ನು ಕಟ್ಟಿ ಹೊರಗೆ ಎಸೆಯಿರಿ. ಹಳೆಯ ಗೋಣಿಚೀಲವನ್ನು ಉಳಿಸಿಕೊಳ್ಳಬೇಡಿ.

ಉಣ್ಣೆಯ ಕಥೆ ಇನ್ನೂ ಕಷ್ಟದ್ದು. ರಕ್ತ ಕುಡಿದು ತುಂಬಿದ ಹೆಣ್ಣು ನಾಯಿಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನೆಲ ಒರೆಸುವವರು ನೆಲ ನೋಡುತ್ತಾರೆ, ಉಣ್ಣೆ ಇರುವುದು ಮೇಲೆ. ಟಾರ್ಚ್ ಹಿಡಿದು ನೋಡಿ: ಬಾಗಿಲ ಚೌಕಟ್ಟಿನ ಸಂದಿ, ಸ್ವಿಚ್‌ಬೋರ್ಡಿನ ಅಂಚು, ಪರದೆಯ ಮಡಿಕೆ, ಗೋಡೆಗೆ ತೂಗಿದ ಫೋಟೋದ ಹಿಂದೆ, ನಾಯಿ ಗೂಡಿನ ಮಾಡು, ಕಾಂಪೌಂಡ್ ಕಲ್ಲಿನ ಸಂದುಗಳು. ಬಿರುಕುಗಳಿಗೆ ಸಿಮೆಂಟ್ ಮೆತ್ತಿಸಿ, ಗೂಡಿಗೆ ಸುಣ್ಣ ಬಳಿಸಿ. ಆಹಾರ ಇಲ್ಲದೆಯೂ ಇವು ತಿಂಗಳುಗಟ್ಟಲೆ ಬದುಕುತ್ತವೆ, ಬರೀ ನಾಯಿಯನ್ನು ಬೇರೆ ಕಡೆ ಕಳಿಸಿದರೆ ಹೋಗುವುದಿಲ್ಲ. ಪೆಸ್ಟ್ ಕಂಟ್ರೋಲ್ ಕರೆಸುವುದಾದರೆ ಬೆಕ್ಕು ಇದೆ, ಅಕ್ವೇರಿಯಂ ಇದೆ ಎಂದು ಮೊದಲೇ ಹೇಳಿ, ಸಿಂಪಡಿಸಿದ್ದು ಪೂರ್ತಿ ಒಣಗುವವರೆಗೆ ಅವನ್ನು ಹೊರಗಿಡಿ.

ಕಾಲರ್ ಇದ್ದರೂ ಗಮನಿಸಬೇಕಾದದ್ದು

ಯಾವ ಕಾಲರ್ ಕೂಡ ನೂರಕ್ಕೆ ನೂರು ತಡೆಯುವುದಿಲ್ಲ. ಉಣ್ಣೆ ಕಚ್ಚಿದ ನಾಯಿಗೆ ಎರ್ಲಿಕಿಯಾ, ಬಬೇಸಿಯಾ ಬರಬಹುದು, ನಾವು ಟಿಕ್ ಫೀವರ್ ಅನ್ನುವುದು ಇವನ್ನೇ. ಊಟ ಬಿಡುವುದು, ಜ್ವರ, ಮಂಕಾಗಿ ಮೂಲೆ ಸೇರುವುದು, ವಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ. ಕಾಲರ್ ಇದೆಯಲ್ಲ ಎಂದು ಇವನ್ನು ತಳ್ಳಿಹಾಕಬೇಡಿ. ಅವತ್ತೇ ರಕ್ತಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಔಷಧಕ್ಕೆ ಬಗ್ಗುತ್ತದೆ, ತಡ ಮಾಡಿದರೆ ರಕ್ತ ಕೊಡುವ ಸ್ಥಿತಿಗೆ ಬರುತ್ತದೆ. ಉಣ್ಣೆ ವಿಪರೀತ ಇರುವ ಕಡೆ ವೆಟ್ ಅಫಾಕ್ಸೊಲೇನರ್, ಫ್ಲುರಲೇನರ್‌ನಂಥ ಮಾತ್ರೆ ಕೊಡಬಹುದು. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಿ. ಕಾಲರ್ ಮೇಲೆ ಇನ್ನೊಂದು ಸ್ಪ್ರೇ, ಪೌಡರ್ ಎಂದು ನೀವೇ ಸೇರಿಸಬೇಡಿ.

ಚಿಗಟ ಇದ್ದ ಪ್ರಾಣಿಯ ಗುದದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದು ಲಾಡಿಹುಳ. ಚಿಗಟವನ್ನು ಕಚ್ಚಿ ನುಂಗಿದಾಗ ಹೊಟ್ಟೆ ಸೇರುತ್ತದೆ. ಜಂತುಹುಳದ ಮಾತ್ರೆ ಕೊಡಿಸುವಾಗ ಇದನ್ನೂ ಹೇಳಿ, ಎಲ್ಲ ಮಾತ್ರೆಯೂ ಲಾಡಿಹುಳಕ್ಕೆ ಕೆಲಸ ಮಾಡುವುದಿಲ್ಲ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಂಚಿನವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಹರಡುವುದು ಕಾಡಿನ ಉಣುಗಿನಿಂದ. ಅದು ಮನೆನಾಯಿಯ ಕಂದು ಉಣ್ಣೆಗಿಂತ ಬೇರೆ ಜಾತಿ. ನಾಯಿಯ ಕೊರಳಲ್ಲಿ ಕಾಲರ್ ಇದ್ದ ಮಾತ್ರಕ್ಕೆ ನಿಮಗೆ ರಕ್ಷಣೆ ಸಿಗುವುದಿಲ್ಲ. ಕಾಡಿಗೆ ಹೋಗಿ ಬಂದ ನಾಯಿಯನ್ನು ಜಗುಲಿ ಹತ್ತಿಸುವ ಮೊದಲು ಗ್ಲೌಸ್ ಹಾಕಿಕೊಂಡು ಸವರಿ ನೋಡಿ. ಸೊಪ್ಪು, ದರಗು ತರಲು ಹೋಗುವವರು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಿ. ಆ ಭಾಗದಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಲರ್‌ನ ಅವಧಿ ಮುಗಿದ ದಿನವೇ ಬದಲಿಸಿ, ಇನ್ನೂ ಹೊಸದರಂತೆ ಕಂಡರೂ ಸರಿ. ಹಳೆಯದರಲ್ಲಿ ಸ್ವಲ್ಪ ಔಷಧ ಉಳಿದೇ ಇರುತ್ತದೆ. ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಸುಡಬೇಡಿ, ಚರಂಡಿಗೆ ಎಸೆಯಬೇಡಿ, ಬೀದಿ ನಾಯಿಗಾದರೂ ಆಗಲಿ ಎಂದು ಅದಕ್ಕೆ ಕಟ್ಟಲೂ ಬೇಡಿ.